ನಿಮ್ಮ ಮನೆ ಡಾಕ್ಟರ್ ಯಾರು? ಪ್ಲೇಗಿನಿಂದ ಕೋವಿಡ್‌ವರೆಗೆ ಒಂದು ಹಿನ್ನೋಟ



ಹಾಡು, ಸಿನಿಮಾ, ನಾಟಕದ ಸುದ್ದಿಯನ್ನು ಈ ಸಲ ಸ್ವಲ್ಪ ಪಕ್ಕಕ್ಕಿಟ್ಟು ನಿಮಗೊಂದು ಪ್ರಶ್ನೆ ಕೇಳೋಣ ಅನ್ನಿಸಿದೆ. ನಿಮ್ಮ ಮನೆ ಡಾಕ್ಟರ್ ಯಾರು? ಆಸ್ಪತ್ರೆ ಯಾವುದು ಎಂದಲ್ಲ. ಇನ್ಶೂರೆನ್ಸ್ ಕಾರ್ಡಿನಲ್ಲಿ ಅಚ್ಚಾಗಿರುವ ಹೆಸರೂ ಬೇಡ. ನೀವು ಹೆಸರು ಹೇಳಿದ ಕೂಡಲೇ "ಅಮ್ಮನ ಶುಗರ್ ಈಗ ಹೇಗಿದೆ?" ಎಂದು ಕೇಳುವ ಡಾಕ್ಟರ್ ಯಾರು?

ನಮ್ಮಲ್ಲಿ ಬಹಳ ಜನ ಇಲ್ಲಿ ತಡವರಿಸುತ್ತೇವೆ. ದ್ವಾರಕಾದಲ್ಲೋ, ಮಯೂರ್ ವಿಹಾರದಲ್ಲೋ, ನೋಯ್ಡಾದಲ್ಲೋ ಹದಿನೈದು ವರ್ಷ ಬಾಳಿರುತ್ತೇವೆ. ಆದರೂ ಬಾಯಿಗೆ ಬರುವುದು ಹಾಸನದ, ಧಾರವಾಡದ ಅಥವಾ ಪುತ್ತೂರಿನ ಯಾರೋ ಒಬ್ಬ ವಯಸ್ಸಾದ ಡಾಕ್ಟರ ಹೆಸರು! ಕೋವಿಡ್ ಕಾಲದಲ್ಲಿ ನಮ್ಮನ್ನು ಕಾಡಿದ್ದೂ ಇದೇ ಪ್ರಶ್ನೆ. ಮಹಾಮಾರಿಗಳು ಬಂದು ಹೋದಾಗಲೆಲ್ಲ ಮನೆ ಡಾಕ್ಟರ ಕೆಲಸದ ರೀತಿ ಬದಲಾಗಿದೆ. ಹೇಗೆ ಬದಲಾಯಿತು, ಅದರಲ್ಲಿ ನಮಗೆ ಸಿಕ್ಕಿದ್ದೇನು, ಕೈ ಜಾರಿದ್ದೇನು? ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ಪ್ಲೇಗ್ ಬಂತು, ಟೆಲಿಫೋನ್ ಬಂತು

1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್, ಹುಬ್ಬಳ್ಳಿ ಧಾರವಾಡದ ಕಡೆ ಹಬ್ಬಿ, ರೈಲು ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಇಳಿಯಿತು. ಅಲ್ಲಿಯವರೆಗೆ ಕಾಯಿಲೆ ಎನ್ನುವುದು ಮನೆಯೊಳಗಿನ ವಿಷಯ. ಪಂಡಿತರು ಬರುತ್ತಿದ್ದರು, ನಾಡಿ ಹಿಡಿಯುತ್ತಿದ್ದರು, ನಾಲಗೆ ನೋಡುತ್ತಿದ್ದರು, ಪಥ್ಯ ಹೇಳಿ ಹೋಗುತ್ತಿದ್ದರು. ಪ್ಲೇಗ್ ಬಂದ ಮೇಲೆ ಕಾಯಿಲೆ ಸರ್ಕಾರದ ವಿಷಯವಾಯಿತು. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ತಂದಿತ್ತು. ಮೈಸೂರು ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಮನೆ ಮನೆ ತಪಾಸಣೆ, ರೋಗಿಗಳಿಗೆ ಊರ ಹೊರಗಿನ ಕ್ಯಾಂಪು, ಮನೆಗಳಿಗೆ ಔಷಧ ಸಿಂಪಡಣೆ ಎಲ್ಲ ಶುರುವಾಯಿತು.

ಈಗ ಬಾಗಿಲು ತಟ್ಟುವ ಡಾಕ್ಟರ ಹಿಂದೆ ಸರ್ಕಾರಿ ಜವಾನರೂ ನಿಂತಿರುತ್ತಿದ್ದರು. ಜನ ರೋಗಿಗಳನ್ನು ಬಚ್ಚಿಡಲು ಶುರು ಮಾಡಿದ್ದರಲ್ಲಿ ಆಶ್ಚರ್ಯವೇನಿದೆ? ಮನೆಯವರ ಗುಟ್ಟು ಕಾಯಬೇಕೋ, ಸರ್ಕಾರಕ್ಕೆ ವರದಿ ಮಾಡಬೇಕೋ ಎಂಬ ಇಕ್ಕಟ್ಟು ವೈದ್ಯರ ಕೆಲಸದೊಳಗೆ ಬಂದು ಕುಳಿತದ್ದು ಆಗಲೇ. ಅದು ಇನ್ನೂ ಎದ್ದು ಹೋಗಿಲ್ಲ.

ಆ ದಿನಗಳಲ್ಲಿ ಬೆಂಗಳೂರಿನ ಪ್ಲೇಗ್ ಕ್ಯಾಂಪುಗಳಲ್ಲಿ ದುಡಿದವರಲ್ಲಿ ಡಾ. ಪಲ್ಪು ಅವರೂ ಒಬ್ಬರು. ಮದರಾಸಿನಲ್ಲಿ ಓದಿದ್ದರೂ, ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಪರಊರಿಗೆ ಬಂದು, ಪರಭಾಷೆಯ ರೋಗಿಗಳ ನಡುವೆ ನಿಂತ ವೈದ್ಯ ಅವರು. ದೆಹಲಿಯಲ್ಲಿರುವ ನಮಗೆ ಅವರ ಕಥೆ ಸ್ವಲ್ಪ ಹತ್ತಿರದ್ದು ಅನ್ನಿಸುವುದಿಲ್ಲವೇ?

ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೂ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದಕ್ಕೂ ಹಿನ್ನೆಲೆಯಲ್ಲಿ ಇದೇ ಪ್ಲೇಗ್ ಇದೆ ಎಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಇನ್ನೊಂದು ಸಂಗತಿ ಅಷ್ಟಾಗಿ ಗೊತ್ತಿಲ್ಲ. ಪ್ಲೇಗ್ ನಿಯಂತ್ರಣದ ಕೆಲಸಗಳನ್ನು ಹೊಂದಿಸಿಕೊಳ್ಳಲು ಆಗ ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆಸಿದರು. ಮಹಾಮಾರಿಯ ಕೈ ಹಿಡಿದುಕೊಂಡು ಫೋನು ವೈದ್ಯಕೀಯದೊಳಗೆ ಕಾಲಿಟ್ಟಿತ್ತು. ಆದರೆ ಅದರಲ್ಲಿ ಮಾತಾಡುತ್ತಿದ್ದವರು ಅಧಿಕಾರಿಗಳು. ರೋಗಿಯ ಕೈಗೆ ಅದು ಬರಲು ಇನ್ನೂ ನೂರಿಪ್ಪತ್ತು ವರ್ಷ ಬೇಕಾಯಿತು.

1918, 1924, 2009

1918ರ ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ತೆಗೆದುಕೊಂಡು ಹೋಯಿತು. ಎರಡು ಕೋಟಿಯವರೆಗೂ ಲೆಕ್ಕ ಹೇಳುವವರಿದ್ದಾರೆ. ಅನೇಕ ಡಾಕ್ಟರುಗಳು ಮೊದಲ ಮಹಾಯುದ್ಧಕ್ಕೆ ಹೋಗಿದ್ದರು. ಊರಲ್ಲಿ ಉಳಿದವರ ಕೈಯಲ್ಲಿ ಈ ರೋಗಕ್ಕೆ ಮದ್ದಿರಲಿಲ್ಲ. ಗಂಜಿ, ನೀರು, ವಿಶ್ರಾಂತಿ, ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ, ಚಿಕಿತ್ಸೆ ಎಂದರೆ ಬಹುಪಾಲು ಇಷ್ಟೇ. ಸ್ವಯಂಸೇವಕರು ಮನೆ ಮನೆಗೆ ಹೋಗಿ ಮಾಡಿದ್ದೂ ಇದನ್ನೇ.

ರೇಡಿಯೋದವಳಾಗಿ 1924ರ ಒಂದು ಸಂಗತಿ ಹೇಳದೆ ಇರಲಾರೆ! ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ 'ರೇಡಿಯೋ ನ್ಯೂಸ್' ಪತ್ರಿಕೆಯ ಮುಖಪುಟದಲ್ಲಿ ಒಂದು ಚಿತ್ರ ಬಂದಿತ್ತು. ಮನೆಯಲ್ಲಿ ಕುಳಿತ ರೋಗಿಯನ್ನು ಡಾಕ್ಟರು ರೇಡಿಯೋ ಯಂತ್ರದ ಪರದೆಯ ಮೂಲಕ ಪರೀಕ್ಷಿಸುವ ಕಲ್ಪನೆ. 'ರೇಡಿಯೋ ಡಾಕ್ಟರ್, ಇರಬಹುದೇನೋ' ಎಂಬ ಅರ್ಥದ ಶೀರ್ಷಿಕೆ. ಆಗಿನ್ನೂ ಟಿವಿಯೇ ಮನೆಗಳಿಗೆ ಬಂದಿರಲಿಲ್ಲ, ನೋಡಿ.

2009ರ ಹಂದಿಜ್ವರದಲ್ಲಿ ಮನೆ ಡಾಕ್ಟರು ಹೆಚ್ಚುಕಡಿಮೆ ಹೊರಗೇ ನಿಂತರು. ಪರೀಕ್ಷೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ಒಸೆಲ್ಟಾಮಿವಿರ್ ಮಾತ್ರೆ ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿರಲಿಲ್ಲ. ಅನುಮಾನ ಬಂದರೆ ದೊಡ್ಡಾಸ್ಪತ್ರೆಗೆ ಕಳಿಸಿ, ಅಷ್ಟೇ ಕೆಲಸ. ಹನ್ನೊಂದು ವರ್ಷದ ನಂತರ ದೊಡ್ಡಾಸ್ಪತ್ರೆಗಳ ಬಾಗಿಲೇ ಮುಚ್ಚಬಹುದು ಎಂದು ಯಾರೂ ಎಣಿಸಿರಲಿಲ್ಲ.

ಡಿಸ್ಪೆನ್ಸರಿಯ ದೆಹಲಿ

ಕೋವಿಡ್‌ಗೆ ಬರುವ ಮೊದಲು ನಮ್ಮ ದೆಹಲಿ ಕನ್ನಡಿಗರ ಮಾತು ಸ್ವಲ್ಪ. ಕೇಂದ್ರ ಸರ್ಕಾರದ ಕೆಲಸ ಹಿಡಿದು ಇಲ್ಲಿಗೆ ಬಂದ ಹಿರಿಯ ತಲೆಮಾರಿಗೆ ಮನೆ ಡಾಕ್ಟರ್ ಎಂದರೆ ಸಿಜಿಎಚ್‌ಎಸ್ ಡಿಸ್ಪೆನ್ಸರಿ. 1954ರಲ್ಲಿ ದೆಹಲಿಯಲ್ಲೇ ಶುರುವಾದ ಯೋಜನೆ ಅದು. ಆರ್. ಕೆ. ಪುರಂ, ಸರೋಜಿನಿ ನಗರದಂಥ ಸರ್ಕಾರಿ ಕಾಲನಿಗಳಲ್ಲಿ ಬೆಳಿಗ್ಗೆ ಡಿಸ್ಪೆನ್ಸರಿಯ ಬೆಂಚಿನ ಮೇಲೆ ಕೂತರೆ ತಮಿಳು, ಬಂಗಾಳಿ, ಪಂಜಾಬಿ, ಕನ್ನಡ ಎಲ್ಲ ಕಿವಿಗೆ ಬೀಳುತ್ತಿತ್ತು. ಡಾಕ್ಟರಿಗೆ ವರ್ಗವಾಗುತ್ತಿತ್ತು ನಿಜ. ಆದರೆ ಕಾರ್ಡು ಅದೇ, ಬೆಂಚು ಅದೇ, ಔಷಧಿ ಕೊಡುವ ಕಿಟಕಿಯ ಹಿಂದಿನ ಮುಖವೂ ಅದೇ.

ನಂತರ ಬಂದ ಖಾಸಗಿ ಕಂಪನಿಗಳ ತಲೆಮಾರಿಗೆ ಅಷ್ಟೂ ಇಲ್ಲ. ಗುರ್‌ಗಾಂವ್‌ನಿಂದ ನೋಯ್ಡಾಕ್ಕೆ, ನೋಯ್ಡಾದಿಂದ ಗಾಜಿಯಾಬಾದಿಗೆ ಬಾಡಿಗೆ ಮನೆ ಬದಲಾಗುತ್ತಲೇ ಇರುತ್ತದೆ. ಜ್ವರ ಬಂದರೆ ಎದುರಿಗೆ ಕಂಡ ಬೋರ್ಡು, ಇಲ್ಲವೇ ನೇರವಾಗಿ ಸ್ಪೆಷಲಿಸ್ಟ್. ಇದರ ಜೊತೆಗೆ ಭಾಷೆ. ಎದೆ ಹಿಡಿದ ಹಾಗೆ, ಹೊಟ್ಟೆ ತೊಳಸಿದ ಹಾಗೆ, ಮೈ ಜೋಮು ಹಿಡಿದ ಹಾಗೆ... ಇದನ್ನೆಲ್ಲ ಹಿಂದಿಯಲ್ಲಿ ಹೇಳಿ ನೋಡೋಣ! ಡಾಕ್ಟರು "ಘಬರಾಹಟ್ ಹೋ ರಹೀ ಹೈ?" ಎಂದರೆ ಊರಿಂದ ಬಂದ ಅಮ್ಮ ಮಗನ ಮುಖ ನೋಡುತ್ತಾರೆ. ಅದು ಗಾಬರಿಯೋ, ಸಂಕಟವೋ, ಎದೆ ಬಡಿತವೋ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಮೊದಲ ಪೆಟ್ಟು ತಿಂದವರು

2020ರ ಮಾರ್ಚ್ ಆರಂಭದಲ್ಲಿ ದೆಹಲಿಯಲ್ಲೂ ಕರ್ನಾಟಕದಲ್ಲೂ ಮೊದಲ ಪ್ರಕರಣಗಳು ಬಂದವು. ಭಾರತದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ಕಲಬುರಗಿಯ ಒಬ್ಬ ಹಿರಿಯರದು, 2020ರ ಮಾರ್ಚ್ 10ರಂದು. ಸೌದಿ ಅರೇಬಿಯಾದಿಂದ ಮರಳಿದ್ದ ಅವರಿಗೆ ಕಾಯಿಲೆ ಶುರುವಾದಾಗ ಮನೆಗೇ ಹೋಗಿ ನೋಡಿದ್ದು ಕುಟುಂಬದ ವೈದ್ಯರು. ಅರವತ್ತು ದಾಟಿದ ಆ ವೈದ್ಯರಿಗೂ ಸೋಂಕು ತಗಲಿದ್ದು ಮಾರ್ಚ್ 17ರಂದು ಖಚಿತವಾಯಿತು. ಯೋಚಿಸಿ, ಅವರು ಮಾಡಿದ್ದೇನು? ಒಳ್ಳೆಯ ಮನೆ ಡಾಕ್ಟರು ಯಾವಾಗಲೂ ಮಾಡುವುದನ್ನೇ. ಕರೆದರು, ಹೋದರು.

ಅದೇ ತಿಂಗಳ ಕೊನೆಗೆ ನಮ್ಮ ಈಶಾನ್ಯ ದೆಹಲಿಯ ಮೌಜ್‌ಪುರದಲ್ಲಿ ಮೊಹಲ್ಲಾ ಕ್ಲಿನಿಕ್‌ನ ಡಾಕ್ಟರೊಬ್ಬರಿಗೆ ಸೋಂಕು ತಗಲಿತು. ಅವರ ಹೆಂಡತಿ, ಮಗಳಿಗೂ ಬಂತು. ಕ್ಲಿನಿಕ್ಕಿಗೆ ಬಂದು ಹೋಗಿದ್ದ ಸುಮಾರು 800 ಜನರನ್ನು ಮನೆಯಲ್ಲೇ ಪ್ರತ್ಯೇಕವಾಗಿರಲು ಹೇಳಲಾಯಿತು. ಒಂದು ಸಣ್ಣ ಕೋಣೆಯ ಡಾಕ್ಟರು ಎಷ್ಟು ಜನರನ್ನು ಮುಟ್ಟುತ್ತಾರೆ ಎಂಬುದು ಆ ಒಂದು ಸಂಖ್ಯೆಯಿಂದ ಊರಿಗೆಲ್ಲ ಗೊತ್ತಾಯಿತು. ಅವರ ಬಲ ಯಾವುದೋ ಅದೇ ಅಪಾಯವೂ ಆಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ರೋಗಿ ಬರುವ ಹೊತ್ತಿಗೆ ಕಾಯಿಲೆಗೆ ಒಂದು ಹೆಸರಿರುತ್ತದೆ. ಮನೆ ಡಾಕ್ಟರ ಹತ್ತಿರ ಬರುವಾಗ ಅದು ಬರೀ 'ಜ್ವರ'. ಅದಕ್ಕೇ ಅವರು ಹೆಚ್ಚು ಸೋತರು. 2020ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘ ಕೊಟ್ಟ ಲೆಕ್ಕದಲ್ಲಿ ಆವರೆಗೆ ತೀರಿಕೊಂಡ ವೈದ್ಯರು 196. ಅವರಲ್ಲಿ 170 ಮಂದಿ ಐವತ್ತು ದಾಟಿದವರು. ಸುಮಾರು ಶೇಕಡ 40ರಷ್ಟು ಜನ ಸಾಮಾನ್ಯ ವೈದ್ಯರು, ಅಂದರೆ ಗಲ್ಲಿ ಕ್ಲಿನಿಕ್ಕಿನ ಡಾಕ್ಟರುಗಳು.

ಒಂದು ಬುಧವಾರ ಬದಲಾದ ಕಾನೂನು

ಮಾರ್ಚ್ 24ರಂದು ಏಮ್ಸ್ ತನ್ನ ಒಪಿಡಿ ಮುಚ್ಚಿತು. ಮರುದಿನ ಬುಧವಾರ, ಮಾರ್ಚ್ 25, ದೇಶವೇ ಮುಚ್ಚಿತು. ಅದೇ ದಿನ ಇನ್ನೊಂದು ಬಾಗಿಲು ತೆರೆಯಿತು. ಭಾರತೀಯ ವೈದ್ಯಕೀಯ ಮಂಡಳಿಯ ಜಾಗದಲ್ಲಿದ್ದ ಆಡಳಿತ ಸಮಿತಿ ನೀತಿ ಆಯೋಗದ ಜೊತೆ ಸೇರಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು.

ಇದು ಎಷ್ಟು ದೊಡ್ಡ ಬದಲಾವಣೆ ಗೊತ್ತೇ? ಅದಕ್ಕೂ ಎರಡು ವರ್ಷ ಹಿಂದೆ, 2018ರ ಜುಲೈಯಲ್ಲಿ, ರತ್ನಾಗಿರಿಯ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತ್ತು. ಅವರು ಊರಲ್ಲಿಲ್ಲದಾಗ ಫೋನಿನಲ್ಲೇ ಔಷಧಿ ಹೇಳಿದ್ದರು, ರೋಗಿ ತೀರಿಕೊಂಡಿದ್ದರು. ಆ ತೀರ್ಪಿನ ನಂತರ ಫೋನಿನಲ್ಲಿ ಮಾತ್ರೆಯ ಹೆಸರು ಹೇಳಲು ಎಷ್ಟೋ ಡಾಕ್ಟರುಗಳು ಹೆದರುತ್ತಿದ್ದರು. ಈಗ ನಿಯಮವೇ ಫೋನು, ವಿಡಿಯೋ, ಬರೆದ ಸಂದೇಶ ಮೂರನ್ನೂ ಒಪ್ಪಿಕೊಂಡಿತು.

ಆ ಮಾರ್ಗಸೂಚಿಯಲ್ಲಿ ನಮ್ಮಂಥವರಿಗೆ ಮುಖ್ಯವಾದ ಎರಡು ಮಾತುಗಳಿವೆ. ಒಂದು, ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಗೂ ಸಲಹೆ ಕೊಡಬಹುದು. ಅಂದರೆ ದ್ವಾರಕಾದ ನೀವು ಹಾಸನದ ನಿಮ್ಮ ಡಾಕ್ಟರಿಗೆ ಫೋನು ಮಾಡುವುದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ! ಎರಡನೆಯದು ಇನ್ನೂ ಸೂಕ್ಷ್ಮ. ಎಲ್ಲ ಔಷಧಿಯನ್ನೂ ಎಲ್ಲರಿಗೂ ಫೋನಿನಲ್ಲಿ ಬರೆಯುವ ಹಾಗಿಲ್ಲ. ಪ್ಯಾರಸಿಟಮಾಲ್, ಓಆರ್‌ಎಸ್‌ನಂಥವು ಯಾರಿಗಾದರೂ ಸರಿ. ಇನ್ನು ಕೆಲವಕ್ಕೆ ಮೊದಲ ಭೇಟಿ ವಿಡಿಯೋದಲ್ಲಾದರೂ ಆಗಬೇಕು. ಮತ್ತೆ ಕೆಲವನ್ನು ಹಳೆಯ ರೋಗಿಗೆ ಮಾತ್ರ ಬರೆಯಬಹುದು. ಅಮಲು ಬರಿಸುವ ಔಷಧಿಗಳನ್ನಂತೂ ಬರೆಯುವಂತೆಯೇ ಇಲ್ಲ. 'ಹಳೆಯ ರೋಗಿ' ಎಂದರೆ ಯಾರು? ಅದೇ ಕಾಯಿಲೆಗಾಗಿ ಅದೇ ಡಾಕ್ಟರನ್ನು ಆರು ತಿಂಗಳೊಳಗೆ ಎದುರಾಬದುರು ಕಂಡವರು.

ನೋಡಿದಿರಾ? ಫೋನನ್ನು ಒಪ್ಪಿಕೊಂಡ ಕಾನೂನೇ ಪರಿಚಯಕ್ಕೆ ಒಂದು ಬೆಲೆ ಕಟ್ಟಿತು. ಮುಖ ಕಂಡವರಿಗೆ ಹೆಚ್ಚು, ಕಾಣದವರಿಗೆ ಕಡಿಮೆ.

ಕ್ಲಿನಿಕ್ ಹೊಸ ರೂಪ ತಾಳಿತು

ಆಮೇಲಿನದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. ಬೆಂಚು ಫುಟ್‌ಪಾತಿಗೆ ಬಂತು. ಮೇಜಿನ ಮುಂದೆ ಪ್ಲಾಸ್ಟಿಕ್ ಪರದೆ ಇಳಿಯಿತು. ಏಸಿ ಬಂದ್ ಆಯಿತು, ಕಿಟಕಿ ತೆರೆಯಿತು. "ಬಾಯಿ ತೆರಿ, ಆ ಅನ್ನು" ಎನ್ನುತ್ತಿದ್ದ ಡಾಕ್ಟರು ಈಗ "ಮಾಸ್ಕ್ ತೆಗೀಬೇಡಿ" ಎಂದರು. ಹಣೆಗೆ ಥರ್ಮಾಮೀಟರ್ ಗನ್ ಬಂತು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ ಸ್ಟೆತಾಸ್ಕೋಪ್ ಕಂಡುಹಿಡಿದು ರೋಗಿಯ ಎದೆಗೂ ಡಾಕ್ಟರ ಕಿವಿಗೂ ನಡುವೆ ಒಂದು ಕೊಳವೆಯಷ್ಟು ದೂರ ಇಟ್ಟಿದ್ದ. 2020ರಲ್ಲಿ ಆ ಕೊಳವೆಯೂ ಹೆದರಿಕೆ ಹುಟ್ಟಿಸಿತು.

ಹಾಗಾದರೆ ಡಾಕ್ಟರು ನೋಡುವುದು ಹೇಗೆ? ನೋಡುವ ಕೆಲಸದ ಒಂದು ಪಾಲು ನಮ್ಮ ಮನೆಗೇ ಬಂತು. ಬಿಪಿ ಯಂತ್ರ, ಶುಗರ್ ಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂದವು. ದೆಹಲಿ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿದ್ದ ರೋಗಿಗಳಿಗೆ ಆಕ್ಸಿಮೀಟರ್ ತಲುಪಿಸಿತು. ಡಾಕ್ಟರು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳೂ ಹೊಸವು. "ಆರು ನಿಮಿಷ ನಡೆದು ಬಂದು ಮತ್ತೆ ಬೆರಳಿಗೆ ಹಾಕಿ ಹೇಳಿ." "ಒಂದೇ ಉಸಿರಿಗೆ ಒಂದು ವಾಕ್ಯ ಹೇಳೋಕಾಗುತ್ತಾ?" ನಾಡಿ ನೋಡುವ ಕೈಯ ಜಾಗವನ್ನು ದನಿ ಕೇಳುವ ಕಿವಿ ತೆಗೆದುಕೊಂಡಿತು. ರೇಡಿಯೋದವರಾದ ನಮಗೆ ಗೊತ್ತು, ದನಿ ಬಹಳಷ್ಟು ಹೇಳುತ್ತದೆ. ಆದರೆ ಮೊದಲು ಆ ದನಿಯನ್ನು ಆರೋಗ್ಯವಾಗಿದ್ದಾಗ ಕೇಳಿರಬೇಕು.

ಸರ್ಕಾರವೂ ಫೋನು ಹಿಡಿಯಿತು. 2020ರ ಏಪ್ರಿಲ್ 13ರಂದು ಇ-ಸಂಜೀವನಿ ಒಪಿಡಿ ಶುರುವಾಯಿತು. 2023ರ ಫೆಬ್ರುವರಿ ಹೊತ್ತಿಗೆ ಇ-ಸಂಜೀವನಿಯಲ್ಲಿ ಒಟ್ಟು ಹತ್ತು ಕೋಟಿ ಸಲಹೆಗಳು ದಾಟಿದ್ದವು. ಕರ್ನಾಟಕ ಏಪ್ರಿಲ್ 22ರಂದು 'ಆಪ್ತಮಿತ್ರ' ಸಹಾಯವಾಣಿ ತೆರೆಯಿತು. ದೆಹಲಿ ಎನ್‌ಸಿಆರ್‌ನ ಸಿಜಿಎಚ್‌ಎಸ್ ಫಲಾನುಭವಿಗಳಿಗೆ ಆಗಸ್ಟ್ 25ರಿಂದ ತಜ್ಞರ ಟೆಲಿ ಸಲಹೆ ದೊರೆಯಿತು. ಡಿಸ್ಪೆನ್ಸರಿಯ ಬೆಂಚು ಕೂಡ ಮೊಬೈಲಿನೊಳಕ್ಕೆ ಹೋಯಿತು ಅನ್ನಿ!

2021ರ ಏಪ್ರಿಲ್

ನಿಜವಾದ ಪರೀಕ್ಷೆ ಬಂದದ್ದು ಎರಡನೇ ಅಲೆಯಲ್ಲಿ. 2021ರ ಏಪ್ರಿಲ್ 20ರಂದು ದೆಹಲಿಯಲ್ಲಿ ಒಂದೇ ದಿನ 28,395 ಹೊಸ ಪ್ರಕರಣಗಳು. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ, ಫೋನು ಎತ್ತುವವರಿಲ್ಲ. ಆ ದಿನಗಳಲ್ಲಿ ನಮಗೆ ಬರುತ್ತಿದ್ದ ಸಂದೇಶಗಳಲ್ಲಿ ಹಾಡಿನ ಕೋರಿಕೆ ನಿಂತೇ ಹೋಗಿತ್ತು. "ಕನ್ನಡ ಬರುವ ಡಾಕ್ಟರ್ ನಂಬರ್ ಇದ್ದರೆ ಕೊಡಿ" ಎಂಬುದೇ ಹೆಚ್ಚು.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆ ಏಪ್ರಿಲ್‌ನಲ್ಲಿ ರೋಗಿ ಬಯಸಿದ್ದು ಸಿಟಿ ಸ್ಕ್ಯಾನ್, ರೆಮ್‌ಡೆಸಿವಿರ್, ಸ್ಟೀರಾಯ್ಡ್. ಯಾರಿಗೋ ಬರೆದ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತಿತ್ತು. ಆ ಚೀಟಿಗೆ ನಿಮ್ಮ ಶುಗರ್ ಗೊತ್ತಿರಲಿಲ್ಲ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಆಕ್ಸಿಜನ್ ಬೇಕಾದ ರೋಗಿಗಳ ಜೀವ ಉಳಿಸುತ್ತದೆ, ಆಕ್ಸಿಜನ್ ಬೇಡದವರಿಗೆ ಉಪಯೋಗವಿಲ್ಲ ಎಂದು ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲೇ ತೋರಿಸಿತ್ತು. ಆದರೂ ಜ್ವರದ ಮೊದಲ ದಿನವೇ ಅದನ್ನು ನುಂಗಿದವರಿದ್ದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಮನಸ್ಸಿಗೆ ಬಂದಂತೆ ಸ್ಟೀರಾಯ್ಡ್ ತೆಗೆದುಕೊಂಡದ್ದು ಕಪ್ಪು ಶಿಲೀಂಧ್ರ ರೋಗಕ್ಕೆ ಒಂದು ದೊಡ್ಡ ಕಾರಣವಾಯಿತು.

ಆಗ "ಈಗಲೇ ಬೇಡ, ಮೂರು ದಿನ ಕಾಯೋಣ, ದಿನಕ್ಕೆ ನಾಲ್ಕು ಸಲ ನನಗೆ ನಂಬರ್ ಹೇಳಿ" ಎನ್ನಲು ಯಾರಿಗೆ ಸಾಧ್ಯವಿತ್ತು? ನಿಮ್ಮನ್ನು ಮೊದಲೇ ಬಲ್ಲವರಿಗೆ. ಅಪರಿಚಿತ ಡಾಕ್ಟರು 'ಬೇಡ' ಎಂದರೆ ನಮಗೆ ನಂಬಿಕೆ ಬರುವುದಿಲ್ಲ, ಇನ್ನೊಬ್ಬರನ್ನು ಹುಡುಕುತ್ತೇವೆ. ಮನೆ ಡಾಕ್ಟರು 'ಬೇಡ' ಎಂದರೆ ಸುಮ್ಮನಾಗುತ್ತೇವೆ. ಅವರು "ಈಗ ಹೊರಡಿ, ತಡ ಮಾಡಬೇಡಿ" ಎಂದರೂ ಅಷ್ಟೇ, ಚಪ್ಪಲಿ ಮೆಟ್ಟುತ್ತೇವೆ. ಎಷ್ಟೋ ಕನ್ನಡ ಮನೆಗಳಲ್ಲಿ ಆ ವಾರಗಳು ಹೀಗೇ ಕಳೆದವು. ಇಲ್ಲಿ ಆಕ್ಸಿಮೀಟರ್, ಅಲ್ಲಿ ಊರಿನ ಡಾಕ್ಟರು, ನಡುವೆ ಎರಡು ಸಾವಿರ ಕಿಲೋಮೀಟರ್ ಉದ್ದದ ಕನ್ನಡ.

ಇದರ ಬೆಲೆಯನ್ನೂ ವೈದ್ಯರು ತೆತ್ತರು. 2021ರ ಜೂನ್ ಕೊನೆಗೆ ವೈದ್ಯಕೀಯ ಸಂಘ ಕೊಟ್ಟ ಲೆಕ್ಕದಂತೆ ಎರಡನೇ ಅಲೆಯಲ್ಲಿ ತೀರಿಕೊಂಡ ವೈದ್ಯರು 798. ಅತಿ ಹೆಚ್ಚು ನಮ್ಮ ದೆಹಲಿಯಲ್ಲೇ, 128. ಸಂಘದ ಮಾಜಿ ಅಧ್ಯಕ್ಷ, ದೆಹಲಿಯ ಹೃದ್ರೋಗ ತಜ್ಞ ಡಾ. ಕೆ. ಕೆ. ಅಗರವಾಲ್ ಅವರನ್ನು ನೀವು ನೋಡಿರಬಹುದು. ಕೋವಿಡ್ ಕಾಲವಿಡೀ ಆನ್‌ಲೈನಿನಲ್ಲಿ ಜನರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಸ್ವತಃ ಸೋಂಕು ತಗಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡಾಗಲೂ ಕ್ಯಾಮೆರಾ ಮುಂದೆ ಕುಳಿತು ಸಲಹೆ ಕೊಟ್ಟರು. 2021ರ ಮೇ 17ರ ರಾತ್ರಿ ಏಮ್ಸ್‌ನಲ್ಲಿ ತೀರಿಕೊಂಡರು.

ಉಳಿದದ್ದೇನು?

ಪ್ಲಾಸ್ಟಿಕ್ ಪರದೆಗಳು ಹೋದವು. ಫೋನು ಉಳಿಯಿತು. ಒಳ್ಳೆಯದೇ ಆಯಿತು. ಮಂಡಿ ನೋವಿನ ಅಜ್ಜಿ ಬರೀ ರಿಪೋರ್ಟ್ ತೋರಿಸಲು ಆಟೋ ಹತ್ತಬೇಕಾಗಿಲ್ಲ. ಮನಸ್ಸಿನ ತೊಂದರೆಗಳಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. 14416ಕ್ಕೆ ಕರೆ ಮಾಡಿದರೆ ಕನ್ನಡವನ್ನೂ ಆರಿಸಿಕೊಳ್ಳಬಹುದು. ಮನಸ್ಸಿನ ವಿಷಯ ಪರಭಾಷೆಯಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ನಿಮಗೆ ಬಿಡಿಸಿ ಹೇಳಬೇಕೇ?

ಆದರೆ ಒಂದು ಮಾತು ಮರೆಯದಿರೋಣ. ಫೋನು ಹಳೆಯ ಪರಿಚಯವನ್ನು ಎಷ್ಟು ದೂರ ಬೇಕಾದರೂ ಹೊತ್ತೊಯ್ಯುತ್ತದೆ. ಹೊಸ ಪರಿಚಯವನ್ನು ಹುಟ್ಟಿಸುವುದು ಅದಕ್ಕೆ ಕಷ್ಟ. ಆರು ತಿಂಗಳ ನಿಯಮ ಬರೆದವರಿಗೆ ಇದು ತಿಳಿದಿತ್ತು. ನಮಗೂ ತಿಳಿದಿರಲಿ. ಊರಿನ ಆ ಹಳೆಯ ಡಾಕ್ಟರುಗಳಿಗೆ ವಯಸ್ಸಾಗುತ್ತಿದೆ. ಕೆಲವರು ಕೋವಿಡ್‌ನಲ್ಲೇ ಹೋದರು. ಅವರ ಕ್ಲಿನಿಕ್ಕುಗಳು ಎಲ್ಲ ಕಡೆಯೂ ಮತ್ತೆ ತೆರೆಯಲಿಲ್ಲ.

ಅದಕ್ಕೇ ಈ ತಿಂಗಳು ಒಂದು ಸಣ್ಣ ಕೆಲಸ ಮಾಡಿ. ನಡೆದು ಹೋಗುವಷ್ಟು ದೂರದಲ್ಲಿ ಇರುವ ಒಬ್ಬ ಡಾಕ್ಟರನ್ನು, ಕಾಯಿಲೆ ಇಲ್ಲದಾಗಲೇ, ಒಮ್ಮೆ ಕಂಡು ಬನ್ನಿ. ಬಿಪಿ ನೋಡಿಸಿ. ಮನೆಯವರೆಲ್ಲರ ಔಷಧಿ, ಅಲರ್ಜಿ, ಹಳೆಯ ಆಪರೇಷನ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಫೋನಿಗೆ ಯಾವ ಹೊತ್ತು ಅನುಕೂಲ ಎಂದು ಕೇಳಿಟ್ಟುಕೊಳ್ಳಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. 'ಸಂಕಟ' ಎಂದರೆ ಏನು, 'ಉಬ್ಬಸ' ಎಂದರೆ ಏನು ಎಂದು ಆ ಡಾಕ್ಟರಿಗೆ ಎರಡು ಕನ್ನಡ ಪದ ಕಲಿಸಿ ಬನ್ನಿ. ಕಲಿಯುತ್ತಾರೆ, ನೋಡಿ!

ನಿಮಗೆ ಒಳ್ಳೆಯ ಮನೆ ಡಾಕ್ಟರು ಸಿಕ್ಕಿದ್ದರೆ ಅವರು ನಿಮ್ಮನ್ನು ಹೇಗೆ ನೋಡಿಕೊಂಡರು ಎಂದು ನಮಗೆ ಬರೆದು ಕಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ಓದೋಣ. ಆರೋಗ್ಯವಾಗಿರಿ, ಕೇಳುತ್ತಿರಿ.